ಜಾನಿಗೆ ಹೊಲಿದ ಅಂಗಿ

ಆಗೆಲ್ಲ ಬೇಸಿಗೆ ರಜ ಬಂತೆಂದರೆ ಕಾನ್ವೆಂಟಿನ ಶೂಸು ಕಳಚಿ ಎಸೆದು, ವಿ.ಸಿ. ಫಾರಂ ಪಕ್ಕದ ಸಲೋಮಿ ಅತ್ತೆಯ ಮನೆಗೆ ಓಡುತ್ತಿದ್ದೆ. ಗದ್ದೆಕೆಸರಿನ ವಾಸನೆ, ನಾಲೆಯಲ್ಲಿ ಮುಳುಗಾಟ, ಬಿಸಿ ಮುದ್ದೆಗೆ ಬಸ್ಸಾರು. ನಿಮ್ಮಲ್ಲೂ ಅನೇಕರಿಗೆ ಅಂಥದೊಂದು ಅತ್ತೆಮನೆ ಇದ್ದಿರಬೇಕು. ನನ್ನ ಅತ್ತೆಮನೆಯಲ್ಲಿ ಮಾತ್ರ ಒಂದು ಬೇಸಿಗೆ ಲೋಕವೇ ಮುಗಿಯುವುದಿತ್ತು.

ಕಿರುಗಾವಲು ಕಡೆಯ ಉಪದೇಶಿಯೊಬ್ಬರು ಬೈಬಲಿನಿಂದ ಅದೇನೋ ಲೆಕ್ಕ ಹಾಕಿ, ರಜದ ಕೊನೆಯ ಭಾನುವಾರ ಮಧ್ಯಾಹ್ನ ಕರ್ತನು ಮೇಘಗಳ ಮೇಲೆ ಬರುತ್ತಾನೆ, ಸತ್ತವರು ಎದ್ದು ಬರುತ್ತಾರೆ ಎಂದು ಹೇಳಿಹೋಗಿದ್ದರು. ಅತ್ತೆಗೆ ಅಷ್ಟೇ ಸಾಕಾಯಿತು. ಅವಳ ಒಬ್ಬನೇ ಮಗ ಜಾನಿ, ನನ್ನ ವಾರಿಗೆಯವನು, ಎಳೆಯದರಲ್ಲೇ ಜ್ವರ ಬಂದು ತೀರಿಕೊಂಡಿದ್ದ.

"ಬಾ ಇಲ್ಲಿ, ನೆಟ್ಗೆ ನಿಂತ್ಕೊ" ಎಂದು ಅತ್ತೆ ನನ್ನ ಭುಜಕ್ಕೆ ಟೇಪು ಹಿಡಿದಳು.

"ಯಾರ್ಗತ್ತೆ?"

"ಜಾನಿಗೆ ಕಣವ್ವ. ಎದ್ ಬರೋವಾಗ ಮೈಮ್ಯಾಲೆ ಒಂದ್ ಅಂಗಿ ಬ್ಯಾಡ್ವಾ? ಈಗ ನಿನ್ನಷ್ಟೇ ಆಗಿರ್ತಾನೆ."

ಸ್ವರ್ಗದಲ್ಲಿ ಮಕ್ಕಳು ಬೆಳೆಯುತ್ತಾರೆಯೇ? ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಅದನ್ನು ಹೇಳಿಕೊಟ್ಟಿರಲಿಲ್ಲ. ಕರ್ತನು ಬರುವ ದಿನ ಯಾರಿಗೂ ಗೊತ್ತಿಲ್ಲ, ನೋಬಡಿ ನೋಸ್, ಎಂದಷ್ಟೇ ಮದರ್ ಹೇಳಿದ್ದರು. ಹಾಲಿಡೇ ಹೋಂವರ್ಕ್ ಮುಗಿಸಬೇಕೋ ಬೇಡವೋ ತಿಳಿಯದೆ ಅರ್ಧಕ್ಕೇ ಬಿಟ್ಟೆ.

ಭಾನುವಾರ ಎಲ್ಲರೂ ತಲೆಗೆ ಎಣ್ಣೆ ಹಚ್ಚಿ ಮಿಂದು, ಶಾವಿಗೆ ಪಾಯಸ ಮಾಡಿಟ್ಟು ಜಗುಲಿಯ ಮೇಲೆ ಕೂತೆವು. ಅತ್ತೆಯ ತೊಡೆಯ ಮೇಲೆ ನೀಲಿ ಚೌಕಳಿ ಅಂಗಿ, ಹೊಸ ಬಟ್ಟೆಯ ಗಂಜಿ ವಾಸನೆ. ಮಧ್ಯಾಹ್ನ ನಿಜವಾಗಿಯೂ ಮೋಡ ಕಟ್ಟಿತು. ಅತ್ತೆ ಎದ್ದು ನಿಂತಳು. ನಾನು ಅವಳ ಸೆರಗು ಹಿಡಿದುಕೊಂಡೆ. ಗುಡುಗಿ, ನಾಲ್ಕು ಹನಿ ಉದುರಿಸಿ, ಮೋಡ ಮದ್ದೂರಿನ ಕಡೆ ಹೊರಟುಹೋಯಿತು.

ಪಕ್ಕದ ಮನೆಯ ಸಾಕಮ್ಮ ಹುಲ್ಲಿನ ಹೊರೆ ಹೊತ್ತು ಬಂದವಳು ನಿಂತು ನೋಡಿದಳು. "ಏನಮ್ಮಿ ಸಲೋಮಿ, ನಿಮ್ ದ್ಯಾವ್ರು ನಿಡಘಟ್ಟದಲ್ಲೇ ಬಸ್ ತಪ್ಪಿಸ್ಕಂಡ್ನಾ?"

"ಸುಮ್ಕಿರು ಬುಡಕ್ಕ" ಎಂದರು ಮಾವ.

ಅತ್ತೆ ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ. "ಬತ್ತಾನೆ ಕಣಕ್ಕ. ನಮ್ ಪ್ರಾರ್ಥನೆ ಸಾಲ್ದು, ಅಷ್ಟೇಯ."

ಸಾಕಮ್ಮನಿಗೆ ಏನನ್ನಿಸಿತೋ, ಹೊರೆ ಇಳಿಸಿ ಅತ್ತೆಯ ಪಕ್ಕ ಕೂತು ಪಾಯಸ ಕುಡಿದಳು. ಅವಳು ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಉಪದೇಶಿ ಸುಳ್ಳು ಹೇಳಿದ್ರಾ ಅತ್ತೆ?"

"ಅವ್ರ್ ಹೇಳಿದ್ದು ಸುಳ್ಳು ಅಂದ್ಬುಟ್ರೆ, ಜಾನಿ ಬರೋದೂ ಸುಳ್ಳಾಗ್ಬುಡ್ತದಲ್ವಾ, ಮಗ?"

ಮರುವರ್ಷ ಅದೇ ಉಪದೇಶಿ, ಲೆಕ್ಕ ತಪ್ಪಿತ್ತು ಎಂದು ಇನ್ನೊಂದು ದಿನ ಕೊಟ್ಟರು. ಅತ್ತೆ ಅವರಿಗೆ ಬಾಳೆಲೆ ಹಾಕಿ ಬಡಿಸಿದಳು. ಆಮೇಲೆ ನನ್ನನ್ನು ನಿಲ್ಲಿಸಿ ಮತ್ತೆ ಅಳೆದು, ಅಂಗಿಯ ಅಂಚಿನ ಹೊಲಿಗೆ ಬಿಚ್ಚಿದಳು. ಒಳಗೆ ಗೇಣಗಲ ಮಡಿಕೆ ಬಿಟ್ಟಿದ್ದಳು. ಬೆಳೆಯುವ ಮಕ್ಕಳ ಬಟ್ಟೆಗೆ ಎಲ್ಲ ತಾಯಂದಿರೂ ಮಡಿಕೆ ಬಿಡುತ್ತಾರೆ, ನಿಜ. ಆದರೆ ಅದೇ ಭಾನುವಾರ ಲೋಕ ಮುಗಿಯುತ್ತದೆಂದು ನಂಬಿದವಳು ಯಾವ ವರ್ಷಕ್ಕೆಂದು ಬಿಟ್ಟಳು? ಅವನು ಬರುವುದಿಲ್ಲ ಎಂದು ಒಳಗೊಳಗೇ ಗೊತ್ತಿತ್ತೇ? ಅಥವಾ ಬಂದ ಮೇಲೂ ಇಲ್ಲೇ ನಮ್ಮ ಜೊತೆ ನಾಲೆಗೆ ಬಿದ್ದು, ಮುದ್ದೆ ತಿಂದು ಬೆಳೆಯುತ್ತಾನೆ ಅಂದುಕೊಂಡಿದ್ದಳೇ? ಈ ವಯಸ್ಸಿನಲ್ಲೂ ನನಗದು ಕ್ಲಿಯರ್ ಆಗಿಲ್ಲ.

ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಲೋಕ ಮುಗಿಯುವ ಅಂಥ ತಾರೀಖುಗಳು ಈಗ ಮೊಬೈಲಿಗೇ ಬರುತ್ತವೆ. ನಾನ್‌ಸೆನ್ಸ್ ಎಂದು ಡಿಲೀಟ್ ಮಾಡುತ್ತೇನೆ. ಹೋದ ವರ್ಷ ನಮ್ಮ ಯಜಮಾನರು ತೀರಿಕೊಂಡರು. ಅಂದಿನಿಂದ, ಡಿಲೀಟ್ ಮಾಡುವ ಮುಂಚೆ ತಾರೀಖು ಯಾವುದೆಂದು ಒಮ್ಮೆ ನೋಡುತ್ತೇನೆ. ನಂಬಿಕೆ ಮಾತ್ರ ಬರುವುದಿಲ್ಲ. ಅತ್ತೆಗೆ ಸುಳ್ಳೋ ನಿಜವೋ, ಮಗ ಇವತ್ತು ಬರುತ್ತಾನೆ ಎಂದು ಪಾಯಸ ಮಾಡಿಟ್ಟು ಕಾಯಲು ಕೆಲವು ಭಾನುವಾರಗಳು ಸಿಕ್ಕವು. ನನಗೆ ಒಂದೂ ಸಿಗಲಿಲ್ಲ.