ಪೋರ್ಚುಗಲ್ಲಿನವನೂ ನನಗೆ ಹೊದಿಸಿದ ಶಾಲೂ

ನಮ್ಮ ಕಡೆ ಒಬ್ಬರನ್ನು ತೆಗೆದುಹಾಕಬೇಕೆಂದರೆ ಬೈಯುವುದಿಲ್ಲ, ಸನ್ಮಾನ ಮಾಡುತ್ತಾರೆ. ನನಗೂ ಮಾಡಿದರು. ಶಿಕಾರಿಪುರದ ನಮ್ಮ ಫುಟ್‌ಬಾಲ್ ಸಂಘದ ಅಧ್ಯಕ್ಷರು ಮೈದಾನದಲ್ಲಿ ಶಾಮಿಯಾನ ಹಾಕಿಸಿ, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಲೆಗೆ ಪೇಟ, ಕೊರಳಿಗೆ ಹಾರ, ಹೆಗಲಿಗೆ ಶಾಲು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಮೈಕ್ ಹಿಡಿದು, "ಟೀಚರ್ ಇಷ್ಟು ವರ್ಷ ನಮ್ಮ ಹುಡುಗ್ರನ್ನ ತಾಯಿ ಹಂಗ ನೋಡ್ಕೊಂಡಾರ. ಇನ್ನು ಅವ್ರಿಗೆ ವಿಶ್ರಾಂತಿ ಬೇಕು," ಎಂದರು.

ವಿಶ್ರಾಂತಿ ಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಸನ್ಮಾನ ಎಂದಾಗ ತಂಡ ಕಪ್ ಗೆದ್ದದ್ದಕ್ಕೆ ಎಂದುಕೊಂಡು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ. ಆ ಸೀರೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಚಿಕ್ಕಂದಿನಲ್ಲಿ ಆಡಿದ್ದು ಖೊಖೊ. ನನ್ನ ಕೈಯಲ್ಲಿ ಕಲಿತ ಹುಡುಗರು ಶಾಲೆ ಬಿಟ್ಟ ಮೇಲೂ ಚೆಂಡು ಬಿಡದೆ ಸಂಘ ಕಟ್ಟಿಕೊಂಡು, "ನೀವೇ ಕಲಿಸ್ರೀ ಟೀಚರ್" ಎಂದು ಮನೆಗೇ ಬಂದರು. ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಟಿ.ವಿ. ನೋಡಿ ಕಲಿತದ್ದು, ಅದರಲ್ಲೂ ಪೋರ್ಚುಗಲ್ ದೇಶದ ಒಬ್ಬ ತರಬೇತುದಾರನನ್ನು ನೋಡಿ. ಅವನ ಹೆಸರು ನಮ್ಮ ಅತ್ತೆಯ ನಾಲಿಗೆಗೆ ಹೊರಳುತ್ತಿರಲಿಲ್ಲ. "ನಿನ್ನ ಕೋಟಿನವ ಬಂದ ನೋಡವ್ವ," ಎಂದು ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದರು.

ಅವನೂ ದೊಡ್ಡ ಆಟಗಾರನಾಗಿದ್ದವನಲ್ಲ. ಒಂದು ಕ್ಲಬ್ಬಿನವರು ಅವನನ್ನು ಕರೆದು ತಲೆ ಮೇಲೆ ಹೊತ್ತು ಮೆರೆಸುವುದು, ಕಪ್ ಬಂದ ಮೇಲೆ ಇವನ ಬಾಯಿ ಜೋರಾಯಿತೆಂದು ಹೊರಗೆ ಹಾಕುವುದು, ಅವನು ಇನ್ನೊಂದು ದೇಶಕ್ಕೆ ಹೋಗಿ ಮತ್ತೊಂದು ತಂಡ ಕಟ್ಟುವುದು, ಇದೇ ಅವನ ಜಾತಕ. ಒಮ್ಮೆ ಹೊರಗೆ ಹಾಕಿದವರ ಮೈದಾನಕ್ಕೇ ಎದುರಾಳಿ ತಂಡದೊಂದಿಗೆ ಬಂದು ಗೆದ್ದ. ಅವತ್ತು ಅವನು ಕುಣಿಯಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಹಳೆಯ ಯಜಮಾನರು ಕೂತಿದ್ದಲ್ಲಿಗೆ ಹೋಗಿ ಒಬ್ಬೊಬ್ಬರ ಕೈ ಕುಲುಕಿದ. ಫುಟ್‌ಬಾಲಿನ ಗಂಧ ಗಾಳಿ ಇಲ್ಲದ ನಮ್ಮ ಅತ್ತೆ, "ಕೈ ಕೊಟ್ಟೇ ಕೆನ್ನಿಗೆ ಹೊಡದ ನೋಡು," ಎಂದರು. ಆ ಮಾತನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ನಮ್ಮ ತಂಡದ ಹಿಂದಿನ ಸಾಲಿನ ನಾಲ್ವರೂ ಬಂದಳಿಕೆ, ತೊಗರ್ಸಿ ಕಡೆಯ ಹೊಲಮನೆಯವರು, ಕುರಿ ಸಾಕುವವರು. ತನ್ನ ಕಡೆಯವನು ಚೆಂಡು ಒದ್ದುಕೊಡುವ ಹೊತ್ತಿಗೆ ಎದುರಾಳಿ ಈ ಸಾಲನ್ನು ದಾಟಿ ನಿಂತಿದ್ದರೆ ಆಫ್‌ಸೈಡ್, ಆಟ ನಿಲ್ಲುತ್ತದೆ. ಅದಕ್ಕೇ ಆ ನಾಲ್ವರಲ್ಲೊಬ್ಬನಾದ ನಾಯಕ ಕೈ ಎತ್ತಿದ ಕೂಡಲೇ ಎಲ್ಲರೂ ಒಟ್ಟಿಗೆ ಮುಂದೆ ನಡೆದು, ಎದುರಾಳಿಯನ್ನು ಹಿಂದೆ ಬಿಡುವುದನ್ನು ಕಲಿಸಿದೆ. "ಮುಂದಿನ ಕುರಿ ಹೆಂಗ ಹೋಗ್ತದೋ ಹಿಂದಿನವೂ ಹಂಗ ಹೋಗ್ತಾವಲ್ಲ, ಅಷ್ಟೇ ಕಣ್ರೋ," ಎಂದು ನಾಯಕನೇ ಉಳಿದವರಿಗೆ ಬಿಡಿಸಿ ಹೇಳಿದ. ಆ ಉಪಾಯದಿಂದಲೇ ನಾವು ಕಪ್ ಗೆದ್ದದ್ದು.

ಅಭ್ಯಾಸ ಸೋಮವಾರ ಸಂಜೆ. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮನೆಗಳಲ್ಲೂ ಆ ಬಿಡುವು ಉಳಿದಿದೆ, ಹುಡುಗರು ಬರುತ್ತಿದ್ದರು. ಅಧ್ಯಕ್ಷರಿಗೆ ಮಾತ್ರ ಭಾನುವಾರವೇ ಆಗಬೇಕು. ಅವರ ನೌಕರಿಯ ಗೆಳೆಯರು ಬಂದು ನೋಡಬೇಕು, ಫೋಟೊ ಆಗಬೇಕು. "ಆಡೋರು ಬರೋ ದಿನ ಬೇಕೋ, ನೋಡೋರು ಬರೋ ದಿನ ಬೇಕೋ ಹೇಳ್ರೀ ಅಧ್ಯಕ್ಷರೇ," ಎಂದು ಸಭೆಯಲ್ಲೇ ಕೇಳಿದೆ. ಎಲ್ಲರೂ ನಕ್ಕರು. ನನಗೆ ಶಾಲು ಬಂದದ್ದು ಆ ನಗುವಿಗೆ.

ಸನ್ಮಾನದ ದಿನವೇ ಒಂದು ಪಂದ್ಯವಿತ್ತು. ಗೆರೆಯ ಪಕ್ಕದ ನನ್ನ ಮಾಮೂಲಿ ಕುರ್ಚಿಗೆ ಹೋದರೆ ಅಧ್ಯಕ್ಷರು, "ಟೀಚರ್, ಹೆಣ್ಮಕ್ಕಳ ಕಡೆ ಕೂತ್ಕೊಳ್ರಿ, ಅಲ್ಲಿ ನೆರಳೈತಿ," ಎಂದರು. ಬೆನ್ನು ತಿರುಗಿಸಿದ ಮೇಲೆ, "ಎಂದೂ ಚೆಂಡು ಒದೀಲಾರದಾಕಿ ನಮ್ಮ ಹುಡುಗ್ರಿಗೆ ಕೋಚು," ಎಂದದ್ದೂ ಕೇಳಿಸಿತು. ನನ್ನ ಕಿವಿ ಚುರುಕು.

ಶಾಲನ್ನು ಗ್ರೈಂಡರಿಗೆ ಮುಚ್ಚೋಣವೇ ಎಂದು ಅತ್ತೆ ಕೇಳಿದರು. ಬೇಡವೆಂದು ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟೆ. ಹೋಗಲಿ ಬಿಡಿ, ಮರೆತುಬಿಡಿ ಎಂದು ಊರೆಲ್ಲ ಬುದ್ಧಿ ಹೇಳಿತು. ನಾನು ಮರೆಯುವವಳಲ್ಲ. ಆ ಗೆರೆಯ ಪಕ್ಕದ ಕುರ್ಚಿ ನನ್ನದಾಗಿತ್ತು, ಅದನ್ನು ಕಿತ್ತುಕೊಂಡವರನ್ನು ಅದೇ ಮೈದಾನದಲ್ಲಿ ಬಗ್ಗಿಸಬೇಕಿತ್ತು.

ಸೊರಬದ ತಂಡದವರು ಬಂದು ಕರೆದರು. "ಎಂತ ಮಾಡೂದು ಮೇಡಂ, ಗೆಲ್ಲೂದು ಹೆಂಗೆ ಅಂತ್ಲೇ ಗೊತ್ತಿಲ್ಲ ನಮ್ಗೆ," ಎಂದರು. ಅಂಥವರೇ ನನಗೆ ಬೇಕಿತ್ತು. ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಭಾನುವಾರ ಭಾನುವಾರ ಹೋದೆ. ಅಲ್ಲಿಯವರಲ್ಲಿ ನೌಕರಿಯವರೇ ಹೆಚ್ಚು, ಅವರಿಗೆ ಆ ದಿನವೇ ಸರಿ. ಕ್ಯಾಸನೂರಿನ ಒಬ್ಬನಿದ್ದ. ಚೆಂಡು ಕಾಲಿಗೆ ಸಿಕ್ಕಿತೆಂದರೆ ಹೆತ್ತ ತಾಯಿಗೂ ಕೊಡದವನು. ಇಡೀ ತಂಡ ಅವನನ್ನು ಬೈಯುತ್ತಿತ್ತು. ಅವನನ್ನು ಕಂಡ ದಿನವೇ ನನ್ನ ಮನಸ್ಸಿನಲ್ಲಿ ಪಂದ್ಯ ಮುಗಿದುಹೋಗಿತ್ತು.

ಫೈನಲ್ ಶಿಕಾರಿಪುರದಲ್ಲೇ ಬಂತು, ಎದುರಿಗೆ ನನ್ನ ಹಳೆಯ ತಂಡ. ಅವರ ಹೊಸ ಕೋಚು ದಾವಣಗೆರೆಯಿಂದ ಬಂದವರು, ಸ್ವತಃ ಆಡಿ ಹೆಸರು ಮಾಡಿದವರು. ಆದರೆ ಭಾನುವಾರದ ಅಭ್ಯಾಸಕ್ಕೆ ಆ ನಾಲ್ವರು ಬಂದದ್ದೇ ಅಪರೂಪ. ಹೊಸದು ಕಲಿಯಲಿಲ್ಲ, ನಾನು ಕಲಿಸಿದ್ದನ್ನೇ ಆಡಿದರು. ಮೊದಲಾರ್ಧದಲ್ಲಿ ನಾಯಕ ಕೈ ಎತ್ತಿದಾಗಲೆಲ್ಲ ಸೊರಬದ ನಮ್ಮವರು ಆಫ್‌ಸೈಡಿಗೆ ಬಿದ್ದರು. ಅಧ್ಯಕ್ಷರು ವೇದಿಕೆಯ ಮೇಲಿಂದ ನನ್ನ ಕಡೆ ತಿರುಗಿಯೇ ಚಪ್ಪಾಳೆ ತಟ್ಟುತ್ತಿದ್ದರು. ಬೇಕೆಂದೇ ತಟ್ಟಲು ಬಿಟ್ಟೆ. ಎತ್ತರಕ್ಕೆ ಏರಿದಷ್ಟೂ ಬೀಳುವುದು ಚೆನ್ನಾಗಿ ಕಾಣುತ್ತದೆ.

ವಿರಾಮದಲ್ಲಿ ಕ್ಯಾಸನೂರಿನವನನ್ನು ಕರೆದು, "ಅವರು ಮುಂದೆ ನಡೆದಾಗ ಚೆಂಡು ಯಾರಿಗೂ ಕೊಡಬೇಡ, ನೀನೇ ತಗೊಂಡು ನುಗ್ಗು," ಎಂದೆ. ಚೆಂಡನ್ನು ತಾನೇ ಒಯ್ಯುವವನಿಗೆ ಆಫ್‌ಸೈಡ್ ಎಂಬುದಿಲ್ಲ.

"ಯಾರಿಗೂ ಕೊಡೂದು ಬ್ಯಾಡ್ವಾ ಮೇಡಂ?" ಎಂದು ಅವನು ನಂಬಲಾಗದೆ ಕೇಳಿದ.

"ನಾನು ಕೇಳಿದ್ರೂ ಕೊಡಬೇಡ."

ನಾಯಕ ಕೈ ಎತ್ತಿದ. ನಾಲ್ವರೂ ಒಟ್ಟಿಗೆ ಮುಂದೆ ನಡೆದರು. ಅವರ ನಡುವೆ ನುಸುಳಿ ನಮ್ಮವನು ಚೆಂಡಿನೊಂದಿಗೆ ಆಚೆ ಹೋದಾಗ ಹಿಂದೆ ಗೋಲ್‌ಕೀಪರ್ ಒಬ್ಬನೇ ಉಳಿದಿದ್ದ. ಗೋಲಾಯಿತು. ನಾಯಕ ಚೆಂಡನ್ನು ನೋಡಲಿಲ್ಲ, ಗೆರೆಯ ಪಕ್ಕ ಕೂತಿದ್ದ ನನ್ನನ್ನು ನೋಡಿದ. ನಾನು ಕಣ್ಣು ತಪ್ಪಿಸಲಿಲ್ಲ. ಅದೇ ದಾರಿಯಲ್ಲಿ ಇನ್ನೊಂದು ಗೋಲು ಹೊಡೆದು ಗೆದ್ದೆವು. ಹೊಟ್ಟೆ ತಣ್ಣಗಾಯಿತು, ಆದರೆ ಪೂರ್ತಿ ಅಲ್ಲ.

ಕಪ್ ಕೊಡುವವರು ಅಧ್ಯಕ್ಷರೇ. ನಾನು ವೇದಿಕೆ ಹತ್ತಿದಾಗ ಮೈಕಿಗೆ ಕೇಳದ ಹಾಗೆ, "ಟೀಚರ್, ಎಷ್ಟಂದ್ರೂ ನೀವು ನಮ್ಮೋರು. ವಾಪಸ್ ಬಂದ್‌ಬಿಡ್ರಿ," ಎಂದರು. ನಾನು ಬ್ಯಾಗಿನಿಂದ ಶಾಲು ತೆಗೆದು ಮಡಿಕೆ ಬಿಚ್ಚಿದೆ.

ಶಾಲು ಬಿಚ್ಚಿದ್ದು ಕಂಡರೆ ಸಾಕು, ಅವರ ಮೈಗೆ ಅಭ್ಯಾಸವಾಗಿಬಿಟ್ಟಿತ್ತು. ಕೈ ತಾನಾಗಿ ಮುಗಿಯಿತು, ಕತ್ತು ಬಗ್ಗಿತು, ಮುಖ ನಗುತ್ತಾ ಮೊಬೈಲುಗಳ ಕಡೆ ತಿರುಗಿತು. ಹೊದಿಸಿದೆ. ಹೆಗಲ ಮೇಲಿನ ಅಂಚು ನೋಡಿದಾಗ ಅದು ಯಾವ ಶಾಲು ಎಂದು ಅವರಿಗೆ ಗುರುತು ಸಿಕ್ಕಿತು, ನಗು ಅರ್ಧಕ್ಕೇ ನಿಂತಿತು. ನಾನು ಮೈಕ್ ಹಿಡಿದೆ.

"ಅಧ್ಯಕ್ಷರು ಇಷ್ಟು ವರ್ಷ ನಮ್ಮ ಹುಡುಗ್ರನ್ನ ತಂದೆ ಹಂಗ ನೋಡ್ಕೊಂಡಾರ. ಇನ್ನು ಅವ್ರಿಗೆ ವಿಶ್ರಾಂತಿ ಬೇಕು."

ಸೊರಬದವರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಆಗ ಸೋತ ತಂಡದ ನಾಯಕ ಕೈ ಎತ್ತಿ ಚಪ್ಪಾಳೆ ತಟ್ಟಿದ. ಅವನ ಹಿಂದೆಯೇ ಉಳಿದ ಮೂವರೂ ತಟ್ಟಿದರು.