ಕಸ್ತೂರಿಬಾಯಿ ಈಗ ಖಾಲಿ ಪಾಕೀಟು ಕೇಳುವುದಿಲ್ಲ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಮಲನಗರದ ಆಚೆ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸ್ ಕಸ್ತೂರಿಬಾಯಿ ಔಷಧಿ ಕಿಟಕಿ ತೆರೆಯುತ್ತಾರೆ. ಹೊರಗೆ ಗಂಟುಮೂಟೆ ಕಟ್ಟಿಕೊಂಡ ಜನ. ಎರಡನೇ ವರ್ಷವೂ ಮಳೆ ಕೈಕೊಟ್ಟಿದೆ, ಕೂಲಿಗೆ ಒಯ್ಯುವ ಹೈದರಾಬಾದಿನ ಬಸ್ಸು ಬರುವ ಮುಂಚೆ ತಿಂಗಳ ಗುಳಿಗೆ ಕೈಸೇರಬೇಕು.

"ಹಳೀ ಗುಳಿಗಿ ಎಷ್ಟು ಉಳದಾವ್ರಿ? ಖರೇ ಹೇಳ್ರಿ, ಬೈಯಂಗಿಲ್ಲ," ಎಂದು ಒಬ್ಬೊಬ್ಬರನ್ನೂ ಕೇಳುತ್ತಾರೆ. ದಿನಕ್ಕೆ ಎಪ್ಪತ್ತು ಸಲ.

ಹೋದ ವರ್ಷದವರೆಗೆ ಅವರ ಬಾಯಿ ಬಲು ಜೋರು. ಹಳೆ ಗುಳಿಗೆಯ ಖಾಲಿ ಪಾಕೀಟು ತೋರಿಸಿದರಷ್ಟೇ ಹೊಸ ಗುಳಿಗೆ. ಅದು ಸರ್ಕಾರದ ಕಾಯದೆಯಲ್ಲ, ಅವರದೇ. ಡಾಬಕಾ ಊರಿನ ಹಾವಗೆಪ್ಪನವರನ್ನೂ ಒಮ್ಮೆ ಹಾಗೇ ಗದರಿಸಿ ಕಳಿಸಿದ್ದರು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಗುಳಿಗೆ ನುಂಗಲೇಬೇಕು. ಕಟ್ಟಡ ಕೆಲಸ ಮುಗಿಸಿ ಹೈದರಾಬಾದಿನಿಂದ ಮರಳಿ, ಒಂದು ಬೆಳಿಗ್ಗೆ ಖಾಲಿ ಪಾಕೀಟು ಚಾಚಿದರು. ಕಸ್ತೂರಿಬಾಯಿ "ಶಹಬ್ಬಾಸ್ ಕಾಕಾ" ಎಂದರು. ಅಷ್ಟರಲ್ಲಿ ಹಾವಗೆಪ್ಪನವರ ಮೂಗಿನಿಂದ ರಕ್ತ ಇಳಿಯಿತು.

"ಹದಿನಾರು ಉಳದಿದ್ವು ಅಕ್ಕೋರೆ. ನೀವು ಬೈತೀರಂತ ನಿನ್ನಿ ಸಂಜೀಕ ಎಲ್ಲಾ ನುಂಗಿಬಿಟ್ಟೇನಿ."

ಕಸ್ತೂರಿಬಾಯಿ ಅವರನ್ನು ಕೂರಿಸಿ, ತಲೆ ಮುಂದಕ್ಕೆ ಬಾಗಿಸಿ, ಮೂಗು ಒತ್ತಿ ಹಿಡಿದರು. ಚುಚ್ಚಿದಲ್ಲೂ ರಕ್ತ ನಿಲ್ಲದೆಂದು ಸ್ನಾಯುವಿಗೆ ಸೂಜಿ ಚುಚ್ಚಲು ಯಾರನ್ನೂ ಬಿಡಲಿಲ್ಲ. ಈ ಗುಳಿಗೆ ಅತಿಯಾದರೆ ಅದರ ಪರಿಣಾಮ ಇಳಿಸುವ ಮದ್ದಿಲ್ಲ. ಬೀದರಿಗೆ ಒಯ್ದು, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಏರಿಸಬೇಕಿತ್ತು. ಆಂಬುಲೆನ್ಸಿನಲ್ಲಿ ದಾರಿಯುದ್ದಕ್ಕೂ ಮೂಗಿನ ಮೇಲಿನ ಬೆರಳು ಸಡಿಲಿಸಲಿಲ್ಲ. ಗುಳಿಗೆ ಯಾಕೆ ಬಿಟ್ಟಿರೆಂದು ಭಾಲ್ಕಿ ದಾಟುವಾಗ ಕೇಳಿದರು.

"ಊಟ ಆದಮ್ಯಾಲ ತಗೋ ಅಂದಿದ್ರೆಲ್ರಿ. ಊಟ ಇಲ್ಲದ ದಿನ ತಗೊಳ್ಳಿಲ್ಲ."

ಆರು ದಿನಕ್ಕೆ ಹಾವಗೆಪ್ಪ ಮನೆಗೆ ಬಂದರು. ಜೀವ ಉಳಿಸಿದಿರಿ ಎಂದು ಯಾರಾದರೂ ಅಂದರೆ ಕಸ್ತೂರಿಬಾಯಿ ನಾಚಿಕೆಯಿಂದ ಕುಗ್ಗಿಹೋಗುತ್ತಾರೆ. "ಬೆಂಕಿ ಹಚ್ಚಿದಾಕಿ ನಾನೇ, ನೀರ ಹೊಡದಾಕಿನೂ ನಾನೇ. ಅದಕ್ಕ ಶಾಲು ಹೊಚ್ಚಸ್ತಾರೇನ್ರಿ? ಉಂಡ್ರೇನು ಅಂತ ಒಂದಿನಾನೂ ಕೇಳಿದಾಕಿ ಅಲ್ಲ ನಾ."

ಈಗ ಕೇಳುತ್ತಾರೆ. ಉಣ್ಣದ ದಿನವೂ ಈ ಗುಳಿಗೆ ಬಿಡಬಾರದು, ಬಿಟ್ಟದ್ದನ್ನು ಒಟ್ಟಿಗೆ ನುಂಗಬಾರದು ಎಂದು ಎರಡೆರಡು ಸಲ ಹೇಳುತ್ತಾರೆ.

ಸರದಿಯಲ್ಲಿ ಇಂದು ಹಾವಗೆಪ್ಪನವರೂ ಇದ್ದಾರೆ. ತಲೆ ಎತ್ತದೆ, ಎರಡೂ ಕೈಯಲ್ಲಿ ಖಾಲಿ ಪಾಕೀಟು ಚಾಚುತ್ತಾರೆ. ಬೇಡವೆಂದರೂ ಪ್ರತಿ ತಿಂಗಳು ಹೀಗೇ. ಅವರು ಹೋದಮೇಲೆ ಕಸ್ತೂರಿಬಾಯಿ ಕಣ್ಣೊರೆಸಿಕೊಂಡು ಹೇಳುತ್ತಾರೆ:

"ಒಮ್ಮೆರೆ ಆ ಕಾಕಾ ಎರಡು ಗುಳಿಗಿ ಉಳಿಸ್ಕೊಂಡು ಬರಬೇಕ್ರಿ. ನನ್ನ ಮಾರಿ ನೋಡಿ, 'ಮರ್ತೇನ್ರಿ' ಅನಬೇಕು. ಅಷ್ಟೇ ಸಾಕು."