ವೈನಿ ಬೆಳ್ಳಿ ಬಟ್ಟಲು ಕುದಿಸಿದರು

"ತಮ್ಮಾ, ನೀ ಹೇಳಿದ ಔಷಧ ನಿಮ್ಮ ವೈನಿ ಕಾಲಿಗೆ ಹಿಡಸವಲ್ದಪಾ. ಪಾದ ಬಾತೈತಿ, ವಾಸನಿನೂ ಬರಾಕತ್ತೈತಿ."

ಹೋದ ತಿಂಗಳು ಒಂದು ಬೆಳಿಗ್ಗೆ ಬ್ಯಾಡಗಿಯಿಂದ ನಮ್ಮಣ್ಣ ಫೋನ್ ಮಾಡಿ ಹೀಗೆಂದಾಗ ನಾನು ಹಲ್ಲುಜ್ಜುತ್ತಿದ್ದೆ. ನಾನು ಡಾಕ್ಟರ್ ಆದದ್ದು ಯಾವಾಗ? ಬಿ.ಎ.ದಲ್ಲಿ ಇತಿಹಾಸ ಓದಿದವನು ನಾನು. ಅದೂ ಸೆಕೆಂಡ್ ಕ್ಲಾಸು.

"ಯಾವ ಔಷಧ ಅಣ್ಣಾ?"

"ಮತ್ತ ಪೇಪರಿನ್ಯಾಗ ಬರದಿಯಲ್ಲೋ! ಎಲಿ ಕುದಸೂದು, ಬೆಳ್ಳಿ ಹಾಕೂದು! ಹನ್ನೊಂದು ದಿನದಿಂದ ಅದನ್ನ ಮಾಡಾಕತ್ತಾಳ ಆಕಿ."

ಬಾಯಲ್ಲಿದ್ದ ನೊರೆ ಗಂಟಲಿಗೆ ಇಳಿಯಿತು.

ನಿಮಗೆ ಆ ಅಂಕಣ ನೆನಪಿರಬಹುದು. (ನೆನಪಿಲ್ಲದಿದ್ದರೆ ಪುಣ್ಯ, ಹಾಗೇ ಇರಲಿ.) ನನ್ನ ಮಗಳು ವಿದ್ಯಾ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಜೆಕ್ಟಿಗಾಗಿ ದಿನಾ ಹಾವೇರಿಯಿಂದ ಬಸ್ಸು ಹಿಡಿದು ರಾಣೆಬೆನ್ನೂರಿನ ಒಂದು ಲ್ಯಾಬಿಗೆ ಹೋಗುತ್ತಾಳೆ. ಅಲ್ಲಿ ಅವಳು ಮಾಡುವುದು ನ್ಯಾನೋ ಬೆಳ್ಳಿ. ಲಕ್ಕಿ ಗಿಡದ ಎಲೆ ತೊಳೆದು, ನೀರಲ್ಲಿ ಸ್ವಲ್ಪ ಹೊತ್ತು ಕಾಯಿಸಿ, ಸೋಸುತ್ತಾಳೆ. ಆ ರಸವನ್ನು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಲವಣ ಕರಗಿಸಿದ ನೀರಿಗೆ ಬೆರೆಸುತ್ತಾಳೆ. ತಿಳಿಹಳದಿ ನೀರು ನೋಡನೋಡುತ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಳ್ಳಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿದೆ ಎನ್ನುವುದಕ್ಕೆ ಅದು ಮೊದಲ ಗುರುತು. ಒಂದು ಗಾಜಿನ ತಟ್ಟೆಯಲ್ಲಿ ಕ್ರಿಮಿ ಬೆಳೆಸಿ, ನಡುವೆ ಈ ನೀರು ಒಂದು ಹನಿ ಬಿಟ್ಟರೆ ಸುತ್ತ ಬಳೆಯಷ್ಟು ಜಾಗದಲ್ಲಿ ಕ್ರಿಮಿಗಳು ಗಾಯಬ್!

ಆ ತಟ್ಟೆಯನ್ನು ನಾನೇ ಹೋಗಿ ನೋಡಿ ಬಂದಿದ್ದೆ. ಎದೆ ಉಬ್ಬಿತ್ತು. ಉಬ್ಬಬಾರದೇ? ನಮ್ಮ ಬೇಲಿಯ ಗಿಡ, ನನ್ನ ಮಗಳ ಕೈ! ಬಂದವನೇ ಒಂದೇ ಪಟ್ಟಿಗೆ ಕೂತು ಬರೆದು ಕಳಿಸಿದೆ.

ಆ ಬರಹವನ್ನು ಬ್ಯಾಡಗಿಯಲ್ಲಿ ನಮ್ಮ ವೈನಿ ಎರಡೆರಡು ಸಲ ಓದಿದ್ದಾರೆ. ವೈನಿ ಎಂದರೆ ಅಣ್ಣನ ಹೆಂಡತಿ ನೀಲವ್ವ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ಮನೆಗೆ ಸೊಸೆಯಾಗಿ ಬಂದವರು, ನನ್ನನ್ನು ಮಗನಂತೆ ಬೆಳೆಸಿದವರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬಲಗಾಲ ಕಿರುಬೆರಳಿನ ಹತ್ತಿರ ಒಂದು ಹುಣ್ಣಾಗಿ, ದಿನಕ್ಕೊಮ್ಮೆ ದವಾಖಾನೆಗೆ ಹೋಗಿ ಡ್ರೆಸಿಂಗ್ ಮಾಡಿಸುತ್ತಿದ್ದರು. ನನ್ನ ಅಂಕಣ ಓದಿದ ಮರುದಿನ ಅದನ್ನು ನಿಲ್ಲಿಸಿದರು.

ನಾನು ವಿದ್ಯಾಳನ್ನೂ ಕರೆದುಕೊಂಡು ಬ್ಯಾಡಗಿಗೆ ಓಡಿದೆ. ಮೆಣಸಿನಕಾಯಿ ಸೀಜನ್ನು. ಬಸ್ ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಇಬ್ಬರೂ ಸೀನಿ ಸೀನಿ ಕಣ್ಣೀರಾಗಿದ್ದೆವು. ಒಳಗೆ ಹೋದರೆ ಒಲೆಯ ಮೇಲೆ ಪಾತೇಲಿ, ಪಾತೇಲಿಯಲ್ಲಿ ಲಕ್ಕಿ ಎಲೆ, ಎಲೆಯ ನಡುವೆ ಕುಣಿಯುತ್ತಿರುವ ಒಂದು ಬೆಳ್ಳಿ ಬಟ್ಟಲು! ಮೊಮ್ಮಗನ ತೊಟ್ಟಿಲಿಗೆ ಯಾರೋ ಉಡುಗೊರೆ ಕೊಟ್ಟ ಬಟ್ಟಲು.

"ನೋಡವ್ವಾ, ಕಂದು ಬಣ್ಣ ಬಂದೈತಿ," ಎಂದು ವೈನಿ ಖುಷಿಯಿಂದ ವಿದ್ಯಾಳಿಗೆ ತೋರಿಸಿದರು. "ನಿಮ್ಮಪ್ಪ ಬರದಂಗ ಬರೋಬ್ಬರಿ ಆಗೇತಿ."

ವಿದ್ಯಾ ಗ್ಯಾಸ್ ಆರಿಸಿದಳು. "ದೊಡ್ಡವ್ವಾ, ಎಲಿ ಒಂದು ತಾಸು ಕುದಿಸಿದ್ರ ಬಣ್ಣ ಬಂದ ಬರತೈತಿ. ಚಹಾ ಬರೂದಿಲ್ಲೇನು? ಬಟ್ಟಲಾ ಕುದಿಸಿದ್ರ ಬಟ್ಟಲಾ ಬಿಸಿ ಆಗತೈತಿ, ಅಷ್ಟ. ಎಲ್ಲಿ, ಕಾಲು ತೋರಸ್ರಿ."

ನಾನೂ ಬಗ್ಗಿ ಕಾಲು ನೋಡಿದೆ. ಸಕ್ಕರೆ ಕಾಯಿಲೆಯ ಪಾದಕ್ಕೆ ಸ್ಪರ್ಶ ಕಡಿಮೆ. ಬಿಸಿ ತಿಳಿಯುವುದಿಲ್ಲ. ವೈನಿ ಹನ್ನೊಂದು ದಿನ, ಎರಡು ಹೊತ್ತು, ಸುಡುಸುಡು ಕಷಾಯದಲ್ಲಿ ಪಾದ ಅದ್ದಿ ಕೂತಿದ್ದರು. ಚರ್ಮ ಬೆಂದಿತ್ತು. ಹುಣ್ಣು ಒಳಗೆ ಇಳಿದಿತ್ತು. ಕಿರುಬೆರಳು ಕಪ್ಪಾಗಿತ್ತು.

ಅರ್ಧ ತಾಸಿನಲ್ಲಿ ಅವರನ್ನು ಒಂದು ಬಾಡಿಗೆ ಕಾರಿಗೆ ಹಾಕಿಕೊಂಡು ಹಾವೇರಿಯ ಆಸ್ಪತ್ರೆಗೆ ತಂದೆವು. ಡಾಕ್ಟರು ನೋಡಿದವರೇ, "ಇದೇನು ಹಚ್ಚಿದ್ದೀರಿ?" ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಬೆರಳು ಉಳಿಯೂದಿಲ್ರಿ. ಪಾದ ಉಳಿಸಾಕ ನೋಡ್ತೀನಿ. ಇನ್ನ ನಾಕು ದಿನ ಬಿಟ್ಟು ಬಂದಿದ್ರ ಮೊಣಕಾಲಿನ ಮಾತು ಆಡಬೇಕಾಗತಿತ್ತು."

ಆಪರೇಶನ್ ನಡೆದಿತ್ತು. ನಾನು ಮತ್ತು ಮಗಳು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅವಳು ಬಯ್ಯಲಿ ಎಂದು ನಾನು ಕಾಯುತ್ತಿದ್ದೆ. ಬಯ್ದರೆ ಹಗುರಾಗುತ್ತದಲ್ಲ? ಅವಳು ಬಯ್ಯಲಿಲ್ಲ. ಮೆಲ್ಲಗೆ ಒಂದೇ ಮಾತು ಕೇಳಿದಳು.

"ಅಪ್ಪಾ, ನಾ ಕೊಟ್ಟಿದ್ದ ಸಾಲು ಯಾಕ ತಗದ್ರಿ?"

ಈಗ ಇದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಲೇಬೇಕು. ಆ ಅಂಕಣ ಕಳಿಸುವ ಮೊದಲು ವಿದ್ಯಾ ಓದಿದ್ದಳು. ಕೊನೆಯಲ್ಲಿ ತನ್ನ ಕೈಯಾರೆ ಒಂದು ಸಾಲು ಸೇರಿಸಿದ್ದಳು: ಇದು ಇನ್ನೂ ಔಷಧವಲ್ಲ, ಮನುಷ್ಯರ ಮೇಲೆ ಪರೀಕ್ಷೆ ಆಗಿಲ್ಲ, ಯಾರೂ ಮನೆಯಲ್ಲಿ ಮಾಡಬಾರದು. ನಾನು ಅದನ್ನು ಹೊಡೆದು ಹಾಕಿದ್ದೆ. ಯಾಕೆ ಗೊತ್ತೇ? ಕೊನೆಗೆ ಪಂಚ್ ಇರಲಿಲ್ಲ! ಸರಕಾರಿ ಪ್ರಕಟಣೆ ಓದಿದ ಹಾಗಿತ್ತು. ಬದಲಿಗೆ, ನಾಳೆಯ ದವಾಖಾನೆ ನಮ್ಮ ಹಿತ್ತಲಲ್ಲೇ ಇದೆ ಎಂದು ಬರೆದು ಮುಗಿಸಿದ್ದೆ. ಹದಿನಾಲ್ಕು ಮಂದಿ ಫೋನ್ ಮಾಡಿ ಭೇಷ್ ಅಂದಿದ್ದರು. ಫೋನ್ ಮಾಡದ ಹದಿನೈದನೆಯವರು ನೀರು ಕುದಿಸುತ್ತಿದ್ದರು.

"ತಪ್ಪಾತವ್ವಾ," ಎಂದೆ. ಮತ್ತೇನು ಹೇಳಲಿ? ನನಗೆ ನಿಜಕ್ಕೂ ಅಳು ಬಂದಿತ್ತು.

ಮಾರನೆಯ ದಿನ ಎಚ್ಚರದಲ್ಲಿದ್ದ ವೈನಿ ವಿದ್ಯಾಳನ್ನು ಹತ್ತಿರ ಕೂಡಿಸಿಕೊಂಡರು. "ನಿಮ್ಮ ಲ್ಯಾಬಿನ ಖರೇ ನೀರು ತಂದು ಹಚ್ಚಿದ್ರ ಬೆರಳು ಉಳೀತಿತ್ತೇನವ್ವಾ?"

"ಗೊತ್ತಿಲ್ಲ ದೊಡ್ಡವ್ವಾ."

"ಗೊತ್ತಿಲ್ಲ ಅಂದ್ರ? ನೀನ ಮಾಡೂದಲ್ಲ?"

"ತಟ್ಟ್ಯಾಗ ಕ್ರಿಮಿ ಸತ್ತಾವರಿ. ಆದ್ರ ತಟ್ಟಿಗೆ ರಕ್ತ ಇಲ್ಲ, ಸಕ್ಕರಿ ಬ್ಯಾನಿ ಇಲ್ಲ. ಅದ ನೀರು ನಿಮ್ಮ ಮಾಂಸಾನೂ ಸುಡಬಹುದು. ಎಷ್ಟು ಹಾಕಬೇಕು, ಮೈಯಾಗ ಹೊಕ್ಕ ಬೆಳ್ಳಿ ಎಲ್ಲಿ ಹೋಗತೈತಿ, ಒಂದೂ ನನಗ ಇನ್ನ ಗೊತ್ತಿಲ್ಲ. ನೀವು ಬೇಡಿದ್ರೂ ನಾ ಕೊಡ್ತಿದ್ದಿಲ್ಲ."

ಗೊತ್ತಿಲ್ಲ! ನಾನು ಇಷ್ಟು ವರ್ಷ ಅಂಕಣ ಬರೆದೆ. ಮೋಡದಿಂದ ಹಿಡಿದು ಮೊಬೈಲ್ ಟವರ್ ತನಕ ಎಲ್ಲದರ ಮೇಲೂ ತೀರ್ಪು ಕೊಟ್ಟೆ. ಈ ಒಂದು ಶಬ್ದ ನನ್ನ ಪೆನ್ನಿನಿಂದ ಒಮ್ಮೆಯೂ ಬಂದಿಲ್ಲ. ಇಪ್ಪತ್ತೆರಡರ ಹುಡುಗಿ ಹಾಸಿಗೆಯ ಪಕ್ಕ ಕೂತು ಸಲೀಸಾಗಿ ಅಂದುಬಿಟ್ಟಳು.

ನಾನು ಬಗ್ಗಿ ಹೋದೆ ಎಂದು ತಿಳಿಯಬೇಡಿ. ಆ ಕಂದು ನೀರಿನ ಮೇಲಿನ ನನ್ನ ನಂಬಿಕೆ ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ. ಮುಂದೊಂದು ದಿನ ಗಾಯದ ಪಟ್ಟಿಯಲ್ಲೋ, ಮುಲಾಮಿನಲ್ಲೋ ಅದು ಬಂದೇ ಬರುತ್ತದೆ. ಆದರೆ ಬರುವ ದಾರಿ ಉದ್ದ. ಲ್ಯಾಬು, ಇಲಿ, ಮೊಲ, ಮನುಷ್ಯ, ಮತ್ತೆ ಲ್ಯಾಬು. ನಮಗೆ ಅಷ್ಟು ಪುರುಸೊತ್ತೆಲ್ಲಿ? ಎಲೆ ಅಂದರೆ ಸಾಕು, ಅಪಾಯ ಇಲ್ಲ ಅಂತ ನಾವೇ ಠರಾವು ಪಾಸು ಮಾಡುತ್ತೇವೆ. ಎಕ್ಕದ ಹಾಲೂ ಗಿಡದಿಂದಲೇ ಬರುವುದು, ಕಣ್ಣಿಗೆ ಬಿಟ್ಟುಕೊಳ್ಳುತ್ತೀರಾ? ಬೆಳ್ಳಿಯಂತೂ ದೇವರ ಮನೆಯ ಸಾಮಾನು. ಎಲೆಯೂ ಬೆಳ್ಳಿಯೂ ಕೂಡಿದರೆ ಡಾಕ್ಟರನ್ನು ಕೇಳುವವರು ಯಾರು?

ಪಾದ ಉಳಿಯಿತು. ಇನ್ಸುಲಿನ್, ದಿನಾ ಡ್ರೆಸಿಂಗ್, ಆ ಡಾಕ್ಟರ ಹಟ. ಮೊನ್ನೆ ಭಾನುವಾರ ಬ್ಯಾಡಗಿಗೆ ಹೋದಾಗ ವೈನಿ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಚಹಾ ಕುಡಿಯುತ್ತಿದ್ದೆ. ಮಗಳ ಊರಿನಿಂದ ಆಗಷ್ಟೇ ಮರಳಿದ್ದ ಪಕ್ಕದ ಮನೆಯ ಶಾಂತವ್ವ ಬಂದರು. ನನ್ನನ್ನು ನೋಡಿ ಅವರ ಮುಖ ಅರಳಿತು.

"ಪೇಪರಿನ್ಯಾಗ ಬರಿಯವ್ರು ನೀವ ಅಲ್ರೀ? ಚಲೋ ಆತು ಸಿಕ್ಕಿದ್ರಿ. ನಮ್ಮ ಮನಿಯವ್ರ ಕಾಲಿಗೂ ಹುಣ್ಣ ಆಗೇತ್ರಿ. ಎಷ್ಟ ಎಲಿ ಹಾಕಬೇಕು, ಒಂದೀಟು ಹೇಳ್ರಿ."

ನಾನು ಬಾಯಿ ತೆರೆದೆ. ಸರಿಯಾಗಿ ತಿಳಿಸಿ ಹೇಳಬೇಕು, ವೈಜ್ಞಾನಿಕವಾಗಿ, ಒಂದು ಉದಾಹರಣೆ ಕೊಟ್ಟು... ಅಷ್ಟರಲ್ಲಿ ವೈನಿ ಸೀರೆಯ ಅಂಚು ಸರಿಸಿ ಬಲಗಾಲು ಮುಂದೆ ಚಾಚಿದರು.

"ಎಣಸ ಶಾಂತವ್ವಾ."

ಶಾಂತವ್ವ ಎಣಿಸಿದರು. ನಾಲ್ಕಕ್ಕೆ ನಿಂತರು.

"ಐದನೇದು ಎಲ್ಲಿ ಹೋತು ಅಂತ ಇವನ್ನ ಕೇಳು, ಆಮ್ಯಾಲ ಎಲಿ ಕೇಳೀಯಂತ."